ಹಿಮೋಗ್ಲೋಬಿನ್ 12 ದಾಟಿದರೆ ಸಾಕೇ? ಮಜ್ಜೆಯ ಹಸಿವನ್ನೂ ಅಳೆಯಬೇಕು

ಮಾನ್ಯ ಸಂಪಾದಕರೇ,

ದಕ್ಷಿಣ ಕೊಡಗಿನ ಪ್ರೌಢಶಾಲೆಯೊಂದರಲ್ಲಿ ನಡೆದ ರಕ್ತ ತಪಾಸಣಾ ಶಿಬಿರದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಬೆರಳ ತುದಿ ಚುಚ್ಚಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ನೋಡಿ, 100 ಮಿಲಿಲೀಟರಿಗೆ 12 ಗ್ರಾಂ ದಾಟಿದ ಹೆಣ್ಣುಮಕ್ಕಳಿಗೆ ತೊಂದರೆಯಿಲ್ಲವೆಂದು ತಿಳಿಸಲಾಯಿತು, ಅದಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರೆ ಕೊಡಲಾಯಿತು ಎಂದು ಅದರಲ್ಲಿತ್ತು. ಮಳೆಯಲ್ಲಿ, ಕೆಟ್ಟ ರಸ್ತೆಯಲ್ಲಿ ಬಂದು ಮಕ್ಕಳ ರಕ್ತ ಪರೀಕ್ಷಿಸಿದ ಆರೋಗ್ಯ ಸಿಬ್ಬಂದಿಯ ಶ್ರಮದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ 12 ದಾಟಿದ ಹುಡುಗಿಯ ಮೈಯಲ್ಲಿ ಕಬ್ಬಿಣದ ಕೊರತೆ ಇಲ್ಲವೆಂದು ಆ ಒಂದು ಸಂಖ್ಯೆಯಿಂದ ಹೇಳಲಾಗದು. ಈ ಮಾತನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ನಾನು ವೈದ್ಯನಲ್ಲ. ಈ ಜಿಲ್ಲೆಯ ರಕ್ತ ಪರೀಕ್ಷಾ ಪ್ರಯೋಗಾಲಯಗಳಲ್ಲಿ 31 ವರ್ಷ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಆರೋಗ್ಯವಂತರ ಕೆಂಪು ಕಣ ನಡುವೆ ಸ್ವಲ್ಪ ತಿಳಿಯಾಗಿ, ಸುತ್ತಲೂ ಗಾಢವಾಗಿ, ಒಂದರಂತೆ ಇನ್ನೊಂದು ಕಾಣುತ್ತದೆ. ಕಬ್ಬಿಣ ಸಾಲದವರ ರಕ್ತದಲ್ಲಿ ಅವು ಚಿಕ್ಕದಾಗಿ, ನಡುವೆಲ್ಲ ಬಿಳಿಚಿ, ಅಂಚಿನಲ್ಲಿ ಮಾತ್ರ ತೆಳುವಾದ ಕೆಂಪು ಗೆರೆ ಉಳಿದು, ಕೆಲವು ಪೆನ್ಸಿಲಿನಂತೆ ಉದ್ದವಾಗಿ ಕಾಣುತ್ತವೆ. ಕಾಫಿ ತೋಟಗಳ ಕೂಲಿಕಾರರು ತಂಗುವ ಲೈನ್ ಮನೆಗಳಿಂದ ಬಂದ ತಾಯಂದಿರ ರಕ್ತದಲ್ಲಿ ಈ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಇಂದಿಗೂ ಕಣ್ಣು ಮುಚ್ಚಿದರೆ ಅದು ಎದುರಿಗೆ ಬರುತ್ತದೆ.

ಈ ಕಣಗಳು ಹೀಗಾಗುವುದು ರಕ್ತನಾಳದಲ್ಲಿ ಅಲ್ಲ, ಅವು ಹುಟ್ಟುವ ಜಾಗದಲ್ಲಿ. ವಯಸ್ಕರಲ್ಲಿ ಬೆನ್ನೆಲುಬು, ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬುಗಳ ಒಳಗಿನ ಕೆಂಪು ಮಜ್ಜೆಯೇ ರಕ್ತಕಣಗಳ ತೊಟ್ಟಿಲು. ಅಲ್ಲಿ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ತಯಾರಾಗುತ್ತವೆ. ತಾಯಿಕೋಶವೊಂದು ಹಲವು ಬಾರಿ ಒಡೆದು ಎರಡಾಗುತ್ತ, ಪ್ರತಿ ಹಂತದಲ್ಲೂ ಚಿಕ್ಕದಾಗುತ್ತ, ಒಡಲಲ್ಲಿ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತ, ಕೊನೆಗೆ ತನ್ನ ಕೋಶಕೇಂದ್ರವನ್ನೇ ಹೊರಹಾಕಿ ರಕ್ತಕ್ಕೆ ಇಳಿಯುತ್ತದೆ. ಈ ಬೆಳೆಯುವ ಕೋಶಗಳು ಮಜ್ಜೆಯಲ್ಲಿ ಒಂಟಿಯಾಗಿರುವುದಿಲ್ಲ. ನಡುವೆ ಒಂದು ದೊಡ್ಡ ಭಕ್ಷಕ ಕೋಶ, ಅದರ ಸುತ್ತ ಅಂಟಿಕೊಂಡು ಬೆಳೆಯುವ ಎಳೆಯ ಕೆಂಪು ಕೋಶಗಳು, ಹೀಗೆ ಪುಟ್ಟ ದ್ವೀಪಗಳಂತಿರುವ ಈ ಗುಂಪುಗಳನ್ನು 1958ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆಸ್ಸಿಸ್ ಅವರು ವಿವರಿಸಿದರು. ಹೊರಬಿದ್ದ ಕೋಶಕೇಂದ್ರಗಳನ್ನು ನುಂಗಿ ಜಾಗ ಶುಚಿ ಮಾಡುವ ಕೆಲಸವೂ ಆ ನಡುವಿನ ಕೋಶದ್ದೇ.

ಒಂದು ಕೆಂಪು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದೊಂದರಲ್ಲೂ ಕಬ್ಬಿಣದ 4 ಪರಮಾಣುಗಳು. ಅಂದರೆ ಕಣ್ಣಿಗೆ ಕಾಣದ ಆ ಒಂದು ಕಣಕ್ಕೆ ನೂರು ಕೋಟಿಗೂ ಹೆಚ್ಚು ಕಬ್ಬಿಣದ ಪರಮಾಣುಗಳು ಬೇಕು. ಇಡೀ ಮಜ್ಜೆಗೆ ದಿನವೊಂದಕ್ಕೆ ಬೇಕಾದದ್ದು ಸುಮಾರು 20ರಿಂದ 25 ಮಿಲಿಗ್ರಾಂ. ಊಟದಿಂದ ಕರುಳು ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಬರುವುದು 120 ದಿನ ಬಾಳಿ ಮುದಿಯಾದ ಕೆಂಪು ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಭಕ್ಷಕ ಕೋಶಗಳು ಒಡೆದು ಮರಳಿಸುವ ಕಬ್ಬಿಣದಿಂದ. ನಮ್ಮ ದೇಹ ಕಬ್ಬಿಣದ ವಿಷಯದಲ್ಲಿ ಅಷ್ಟು ಜೋಪಾನದ ಗೃಹಸ್ಥ. ಆದ್ದರಿಂದಲೇ ರಕ್ತ ಹೊರಗೆ ಹೋಗುವ ಯಾವ ದಾರಿಯೂ ಈ ಲೆಕ್ಕವನ್ನು ಏರುಪೇರು ಮಾಡುತ್ತದೆ. ಒಂದು ಮಿಲಿಲೀಟರ್ ರಕ್ತದೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ತಿಂಗಳ ಮುಟ್ಟಿನಲ್ಲಿ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ, ಹೆಚ್ಚು ಸ್ರಾವವಿರುವವರಿಗೆ ಅದರ ಎರಡು ಪಟ್ಟು. ಒಂದು ಬಸಿರು ಮತ್ತು ಹೆರಿಗೆಗೆ ಒಟ್ಟಾರೆ ಸುಮಾರು 1 ಗ್ರಾಂ ಬೇಕು. ಇಡೀ ದೇಹದಲ್ಲಿರುವುದೇ 3ರಿಂದ 4 ಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಹಳೆಯ ಮನೆಗಳಲ್ಲಿ ಭತ್ತ ತುಂಬಿಡುವ ಪತ್ತಾಯ ಇರುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಊಟ ಮೊದಲ ದಿನವೇ ನಿಲ್ಲುತ್ತಿರಲಿಲ್ಲ; ಪತ್ತಾಯದ ಭತ್ತ ಇಳಿಯುತ್ತಿತ್ತು, ಅದು ಬರಿದಾದ ಮೇಲಷ್ಟೇ ತಟ್ಟೆಯಲ್ಲಿ ಅನ್ನ ಕಡಿಮೆಯಾಗುತ್ತಿತ್ತು. ದೇಹದಲ್ಲೂ ನಡೆಯುವುದು ಇದೇ ಕ್ರಮದಲ್ಲಿ. ಮೊದಲು ಫೆರಿಟಿನ್ ಎಂಬ ಪ್ರೋಟೀನಿನಲ್ಲಿ ಕೂಡಿಟ್ಟ ದಾಸ್ತಾನು ಕರಗುತ್ತದೆ. ಆಮೇಲೆ ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಖಾಲಿ ಕೈಯಲ್ಲಿ ಓಡಾಡತೊಡಗುತ್ತದೆ. ಅದರ ತುಂಬಿದ ಪಾಲು 16 ಪ್ರತಿಶತಕ್ಕಿಂತ ಕೆಳಗಿಳಿದರೆ ಮಜ್ಜೆಗೆ ಪೂರೈಕೆ ಸಾಲುತ್ತಿಲ್ಲವೆಂದು ಅರ್ಥ. ಈ ಎರಡೂ ಹಂತಗಳಲ್ಲಿ ಹಿಮೋಗ್ಲೋಬಿನ್ 12ರ ಮೇಲೆಯೇ ಇರಬಹುದು. ಮೂರನೆಯ ಹಂತದಲ್ಲಿ ಮಾತ್ರ ಅದು ಕೆಳಗಿಳಿದು, ನಾವು ರಕ್ತಹೀನತೆ ಎಂಬ ಹೆಸರು ಕೊಡುತ್ತೇವೆ.

ಎರಡನೆಯ ಹಂತದಲ್ಲಿ ಮಜ್ಜೆಯೊಳಗೆ ಆಗುವುದನ್ನು ನಾನು ಒತ್ತಿ ಹೇಳಬೇಕಾಗಿದೆ. ಆಮ್ಲಜನಕ ಸಾಲದೆಂದು ಮೂತ್ರಪಿಂಡಕ್ಕೆ ಅರಿವಾದಾಗ ಅದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ (ದೇಹದ ಕೋಶಗಳು ಆಮ್ಲಜನಕದ ಏರಿಳಿತವನ್ನು ಅರಿಯುವ ಬಗೆಯನ್ನು ಕಂಡುಹಿಡಿದ ಮೂವರಿಗೆ 2019ರ ನೊಬೆಲ್ ಪ್ರಶಸ್ತಿ ಬಂದಿದೆ). ಮಜ್ಜೆ ಆ ಕರೆಗೆ ಓಗೊಟ್ಟು ಎಳೆಯ ಕೆಂಪು ಕೋಶಗಳನ್ನು ಹೆಚ್ಚಿಸುತ್ತದೆ. ಅವುಗಳ ಮೈತುಂಬ ಟ್ರಾನ್ಸ್‌ಫೆರಿನ್ ಹಿಡಿಯುವ ಗ್ರಾಹಕಗಳಿರುತ್ತವೆ, ಆದರೆ ಬಂದು ಕೂರುವ ಕಬ್ಬಿಣವೇ ಇರುವುದಿಲ್ಲ. ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ನಿನ ಕಬ್ಬಿಣ ಹೊತ್ತ ಭಾಗವಾದ ಹೀಮ್ ಆಗದು. ಹೀಮ್ ಇಲ್ಲದಿದ್ದಾಗ ಅದರ ಪ್ರೋಟೀನ್ ಭಾಗವಾದ ಗ್ಲೋಬಿನ್ ಸರಪಳಿಗಳು ಮಾತ್ರ ತಯಾರಾಗಿ ರಾಶಿ ಬಿದ್ದರೆ ಕೋಶಕ್ಕೇ ವಿಷ. ಅದನ್ನು ತಪ್ಪಿಸಲು ಕೋಶದೊಳಗಿನ ಒಂದು ಕಿಣ್ವ ಎಚ್ಚೆತ್ತು ಪ್ರೋಟೀನ್ ತಯಾರಿಕೆಯನ್ನೇ ತಡೆಹಿಡಿಯುತ್ತದೆ. ಹೀಗೆ ಕೋಶ ಬದುಕುಳಿಯುತ್ತದೆ, ಆದರೆ ಬಡವಾಗಿ, ಹಿಮೋಗ್ಲೋಬಿನ್ ಕಡಿಮೆ ತುಂಬಿಕೊಂಡು, ಗಾತ್ರದಲ್ಲಿ ಕುಗ್ಗಿ ಹೊರಬರುತ್ತದೆ. ಮಜ್ಜೆಯ ಲೇಪದಲ್ಲಿ ಇಂಥ ಎಳೆಯ ಕೋಶಗಳು ಚಿಕ್ಕದಾಗಿ, ಅಂಚು ಹರಿದ ಬಟ್ಟೆಯಂತೆ ಕಾಣುತ್ತವೆ. ತರಬೇತಿಯ ದಿನಗಳಲ್ಲಿ ಮೈಸೂರಿನಲ್ಲಿ ಒಬ್ಬ ಹೆಂಗಸಿನ ಮಜ್ಜೆಯ ಅಂಥದ್ದೊಂದು ಲೇಪವನ್ನು ನೋಡಿದ್ದೆ. 1867ರಲ್ಲಿ ಜರ್ಮನಿಯ ಮ್ಯಾಕ್ಸ್ ಪರ್ಲ್ಸ್ ಅವರು ಬಳಕೆಗೆ ತಂದ ಬಣ್ಣವನ್ನು ಹಾಕಿದರೆ ಮಜ್ಜೆಯಲ್ಲಿ ಕೂಡಿಟ್ಟ ಕಬ್ಬಿಣ ನೀಲಿ ಕಾಳುಗಳಂತೆ ಮೂಡುತ್ತದೆ. ಪಕ್ಕದಲ್ಲಿದ್ದ ಬೇರೊಬ್ಬರ ಪಟ್ಟಿಯಲ್ಲಿ ಆ ನೀಲಿ ಚೆನ್ನಾಗಿ ಮೂಡಿತ್ತು. ಆ ಹೆಂಗಸಿನ ಮಜ್ಜೆಯಲ್ಲಿ ಹುಡುಕಿದರೂ ಒಂದು ನೀಲಿ ಚುಕ್ಕೆ ಇರಲಿಲ್ಲ.

ಮಜ್ಜೆ ಇಷ್ಟು ಬಳಲಿದ್ದರೂ ಹಿಮೋಗ್ಲೋಬಿನ್ ಕೂಡಲೇ ಇಳಿಯದಿರುವುದಕ್ಕೆ ಕಾರಣ ಸರಳವಾದದ್ದು. ನಾಳದಲ್ಲಿ ಹರಿಯುವ ರಕ್ತ ಇಂದಿನದಷ್ಟೇ ಅಲ್ಲ, ಕಳೆದ 4 ತಿಂಗಳ ಬೆಳೆಯೆಲ್ಲ ಬೆರೆತದ್ದು. ಹಳೆಯ ಗಟ್ಟಿ ಭತ್ತದ ರಾಶಿಗೆ ಈ ವರ್ಷದ ಜೊಳ್ಳು ಸೇರುತ್ತ ಬಂದರೆ ಅಳತೆ ಕೂಡಲೇ ಕಡಿಮೆಯಾಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಕಾಳುಗಳು ಒಂದೇ ತೆರನಾಗಿಲ್ಲ ಎಂದು ತಿಳಿಯುತ್ತದೆ. ರಕ್ತ ಎಣಿಸುವ ಯಂತ್ರವೂ ಇದನ್ನು ಹೇಳುತ್ತದೆ. ಅದರ ಚೀಟಿಯಲ್ಲಿ ಆರ್‌ಡಿಡಬ್ಲ್ಯೂ ಎಂಬ ಸಾಲೊಂದಿದೆ. ಕೆಂಪು ಕಣಗಳ ಗಾತ್ರ ಒಂದಕ್ಕೊಂದು ಎಷ್ಟು ಬೇರೆಯಾಗಿದೆ ಎಂಬುದರ ಅಳತೆ ಅದು. ಎಂಸಿವಿ ಎಂಬುದು ಸರಾಸರಿ ಗಾತ್ರ. ಅದು 80ಕ್ಕಿಂತ ಕೆಳಗಿಳಿದರೆ ಕಣಗಳು ಚಿಕ್ಕವಾಗಿವೆ ಎಂದರ್ಥ. ಕಬ್ಬಿಣದ ಕೊರತೆಯಲ್ಲಿ ಆರ್‌ಡಿಡಬ್ಲ್ಯೂ ಮೊದಲೇ ಏರತೊಡಗುತ್ತದೆ. ಪೂರ್ಣ ರಕ್ತ ಎಣಿಕೆ ಮಾಡಿಸಿದ ಪ್ರತಿಯೊಬ್ಬರ ಕೈಯಲ್ಲೂ ಈ ಸಂಖ್ಯೆಗಳು ಇರುತ್ತವೆ, ಬೇರೆ ಖರ್ಚಿಲ್ಲ. ಮೇಲಿನ ಸಾಲಿನ ಹಿಮೋಗ್ಲೋಬಿನ್ ನೋಡಿ ಚೀಟಿ ಮಡಚಿಡುವ ಅಭ್ಯಾಸ ನನಗೆ ಕೊನೆಯವರೆಗೂ ಬೇಸರ ತಂದ ಸಂಗತಿ.

ಪ್ಲೇಟ್‌ಲೆಟ್ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಡೆಂಗಿಯ ಭಯದಿಂದ ನಮ್ಮ ಜನ ಪ್ಲೇಟ್‌ಲೆಟ್ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಅದು ಹೆಚ್ಚಿದ್ದರೆ ಒಳ್ಳೆಯದೆಂದೇ ತಿಳಿಯುತ್ತಾರೆ. ಮಜ್ಜೆಯಲ್ಲಿ ಕೆಂಪು ಕಣಕ್ಕೂ ಪ್ಲೇಟ್‌ಲೆಟ್‌ಗೂ ಒಂದು ಹಂತದವರೆಗೆ ತಾಯಿಕೋಶ ಒಂದೇ. ಕಬ್ಬಿಣ ಸಾಲದಾದಾಗ ಆ ಕವಲಿನಲ್ಲಿ ಪ್ಲೇಟ್‌ಲೆಟ್ ಕಡೆಗೆ ತಿರುಗುವ ಕೋಶಗಳು ಹೆಚ್ಚಾಗುತ್ತವೆ. ಆದ್ದರಿಂದ ಕಬ್ಬಿಣವಿಲ್ಲದ ಹೆಂಗಸಿನ ಪ್ಲೇಟ್‌ಲೆಟ್ 5 ಲಕ್ಷ ದಾಟಿರುವುದೂ ಉಂಟು. ಬಿಳಿ ಕಣಗಳ ಎಣಿಕೆಯಲ್ಲಿ ಸಾಮಾನ್ಯವಾಗಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟೆಲ್ಲ ಬರೆಯಲು ಮನೆಯ ಕಾರಣವೂ ಇದೆ. ನನ್ನ ತಂಗಿಯ ಮಗಳು 15 ವರ್ಷದವಳು, ಶಾಲೆಯ ಹಾಕಿ ತಂಡದಲ್ಲಿ ಆಡುವವಳು. ಕಳೆದ ವರ್ಷ, ಆಟದ ದ್ವಿತೀಯಾರ್ಧದಲ್ಲಿ ಕಾಲು ಎಳೆದಂತಾಗುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು ತಂಗಿ ಗದರಿದ್ದೂ ಉಂಟು. ಒಂದು ಶಿಬಿರದಲ್ಲಿ ಹಿಮೋಗ್ಲೋಬಿನ್ 12.3 ಬಂದು, "ಮಾವ, ನನ್ನ ರಕ್ತ ಸರಿಯಿದೆಯಂತೆ, ಸೋಮಾರಿತನ ಬಿಡು ಅಂದರು" ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಫೆರಿಟಿನ್ ಪರೀಕ್ಷೆ ಮಾಡಿಸಿದೆವು: 7 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ವಯಸ್ಸಿನಲ್ಲಿ ಒಂದು ಲೀಟರಿಗೆ 15ಕ್ಕಿಂತ ಕಡಿಮೆಯಾದರೆ ದಾಸ್ತಾನು ಬರಿದಾಗಿದೆ ಎಂದರ್ಥ. ಇರುವ ಕಬ್ಬಿಣವನ್ನು ದೇಹ ಮೊದಲು ಮಜ್ಜೆಗೆ ಕೊಡುತ್ತದೆ. ಸ್ನಾಯು, ಮಿದುಳುಗಳ ಪಾಲು ಆಮೇಲೆ. ಹಿಮೋಗ್ಲೋಬಿನ್ ನಿಂತಿದ್ದರೂ ಮಗು ಸೋತಿದ್ದು ಇದರಿಂದ. ಅವಳನ್ನು ಸೋಮಾರಿ ಎಂದವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಯಲ್ಲಿದ್ದ ಅಳತೆಗೋಲು ಅಷ್ಟೇ ಇತ್ತು.

ನಮ್ಮ ಜಿಲ್ಲೆಯಲ್ಲಿ ಈ ಕೊರತೆಗೆ ನಮ್ಮದೇ ಆದ ದಾರಿಗಳೂ ಇವೆ. ಜಡಿಮಳೆಯ ಕಕ್ಕಡ ಮಾಸದ ಕೆಸರಿನಲ್ಲಿ, ನೆರಳಿನ ತೇವ ಆರದ ತೋಟದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕ ಒಳಸೇರುತ್ತದೆ. ಕರುಳಿನ ಗೋಡೆಗೆ ಕಚ್ಚಿಕೊಂಡು ದಿನದಿನವೂ ಹನಿ ಹನಿಯಾಗಿ ರಕ್ತ ಹೀರುತ್ತದೆ. ನೂರಾರು ಹುಳುಗಳಿದ್ದರೆ ಮಜ್ಜೆ ಎಷ್ಟು ದುಡಿದರೂ ಲೆಕ್ಕ ಸರಿಹೋಗದು. ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಮಕ್ಕಳಿಗೆ ತಲುಪುತ್ತಿದೆ, ಸಂತೋಷ. ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬಂದು ಲೈನ್ ಮನೆಗಳಲ್ಲಿ ತಂಗುವ ಹೆಂಗಸರಿಗೆ ಅದು ತಲುಪುತ್ತಿದೆಯೇ, ಅವರಿಗೆ ಕಾಲಿಗೆ ಬೂಟು, ಬಳಸಲು ಯೋಗ್ಯವಾದ ಶೌಚಾಲಯ ಇದೆಯೇ ಎಂದು ತೋಟದ ಮಾಲೀಕರಾದ ನಮ್ಮ ಬಂಧುಗಳೇ ಕೇಳಿಕೊಳ್ಳಬೇಕು.

ಇನ್ನು ಕಾಫಿ. ನಮ್ಮ ಅನ್ನ ಅದರಿಂದಲೇ ಬರುತ್ತಿರುವುದರಿಂದ ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯಬೇಕು. ಕಾಫಿ, ಚಹಗಳ ಒಗರಿನ ಅಂಶಗಳು ಧಾನ್ಯ, ಸೊಪ್ಪು, ಬೇಳೆಗಳ ಕಬ್ಬಿಣವನ್ನು ಕರುಳಿನಲ್ಲಿ ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು 39 ಪ್ರತಿಶತದಷ್ಟು, ಚಹ 64 ಪ್ರತಿಶತದಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದದ್ದು ಜೊತೆಗೆ ಕುಡಿದಷ್ಟೇ ತಡೆಯಿತು. ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯದ ಜೊತೆ ಬೆಲ್ಲದ ಕರಿ ಕಾಫಿ ಕುಡಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲ ಎಂದು ಹಿರಿಯರು ಹೇಳುವುದು ಸುಳ್ಳಲ್ಲ, ಆದರೆ ಅದೇ ಲೋಟದ ಕಾಫಿ ಅದನ್ನು ಬಿಟ್ಟುಕೊಡುವುದಿಲ್ಲ. ಕಾಫಿ ಬಿಡಬೇಕಿಲ್ಲ, ಎದ್ದ ಕೂಡಲೇ ಕುಡಿದು, ತಿಂಡಿಯನ್ನು ಒಂದು ಗಂಟೆಯ ಮೇಲೆ ತಿಂದರೆ ಸಾಕು. ತಿಂಡಿಯ ಜೊತೆಗೆ ನಮ್ಮದೇ ಕಿತ್ತಳೆ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪಕ್ಕೆ ತರುತ್ತದೆ. ಕಿತ್ತಳೆ ಗಿಡಗಳು ನಮ್ಮ ತೋಟಗಳಿಂದ ಕಣ್ಮರೆಯಾಗುತ್ತಿರುವ ನೋವು ಇದನ್ನು ಬರೆಯುವಾಗ ಇನ್ನಷ್ಟು ಹೆಚ್ಚಾಗುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣುಗಳೂ ಅದೇ ಕೆಲಸ ಮಾಡುತ್ತವೆ. ಮಾಂಸ ತಿನ್ನುವವರಿಗೆ ಹಂದಿ, ಕುರಿ ಮಾಂಸದ ಕಬ್ಬಿಣ ಸುಲಭವಾಗಿ ಸಿಗುತ್ತದೆ, ಆದರೆ ಹಬ್ಬ ಮದುವೆಗಳಲ್ಲಿ ತಿಂದ ಪಂದಿ ಕರಿ ವರ್ಷಪೂರ್ತಿ ಲೆಕ್ಕಕ್ಕೆ ಬಾರದು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಎಂದಿದೆ. ಇದು ಒಳ್ಳೆಯ ವ್ಯವಸ್ಥೆ. ಮಲ ಕಪ್ಪಾಯಿತು, ಹೊಟ್ಟೆ ತೊಳೆಸಿತು ಎಂದು ಅರ್ಧಕ್ಕೆ ಬಿಡುವವರೇ ಹೆಚ್ಚು. ಮಲ ಕಪ್ಪಾಗುವುದರಿಂದ ಅಪಾಯವಿಲ್ಲವೆಂದು ಮಾತ್ರೆ ಕೊಡುವಾಗಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ. ಹೊಟ್ಟೆ ತಡೆಯದವರ ಬಗ್ಗೆ ಇನ್ನೊಂದು ತಿಳಿವಳಿಕೆ ಈಚೆಗೆ ಬಂದಿದೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನಿನಿಂದ ಕರುಳಿನ ಕಬ್ಬಿಣದ ಬಾಗಿಲನ್ನು ನಿಯಂತ್ರಿಸುತ್ತದೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಏರಿ ಮರುದಿನದವರೆಗೂ ಬಾಗಿಲು ಅರೆಮುಚ್ಚಿರುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹೆಚ್ಚಿನ ಪಾಲು ಮೈಗೆ ಹತ್ತುತ್ತದೆಂದು ಸ್ವಿಟ್ಜರ್‌ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಯಾರಿಗೆ ಹೇಗೆ ಎಂಬುದನ್ನು ವೈದ್ಯರೇ ಹೇಳಬೇಕು, ಗರ್ಭಿಣಿಯರಂತೂ ತಾವಾಗಿ ಬದಲಾಯಿಸಬಾರದು. ಮಾತ್ರೆ ಆರಂಭಿಸಿದ ಒಂದು ವಾರದಿಂದ ಹತ್ತು ದಿನದೊಳಗೆ ಮಜ್ಜೆಯಿಂದ ಹೊಸ ಎಳೆಯ ಕಣಗಳು ಗುಂಪಾಗಿ ಹೊರಬರುತ್ತವೆ. ಲೇಪದಲ್ಲಿ ಅದನ್ನು ಕಂಡ ದಿನ ನನಗೆ ಊಟ ರುಚಿಸುತ್ತಿತ್ತು. ಆದರೆ ಹಿಮೋಗ್ಲೋಬಿನ್ 12 ಮುಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ತಟ್ಟೆ ತುಂಬಿದೆ, ಪತ್ತಾಯ ಖಾಲಿಯೇ ಇದೆ. ಅಲ್ಲಿಂದ ಮುಂದೆ ಸುಮಾರು 3 ತಿಂಗಳು ಮುಂದುವರಿಸಿದರೆ ಮಾತ್ರ ದಾಸ್ತಾನು ತುಂಬುತ್ತದೆ.

ಎಲ್ಲ ಚಿಕ್ಕ ಕಣಗಳಿಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ ಎಂಬುದನ್ನು ಹೇಳದಿದ್ದರೆ ನನ್ನ ಪತ್ರ ತಪ್ಪು ದಾರಿ ತೋರಿಸೀತು. ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷವಾದ ತಲಸ್ಸೀಮಿಯಾದ ವಾಹಕರಲ್ಲೂ ಕಣ ಚಿಕ್ಕದಾಗಿರುತ್ತದೆ. ಅವರಿಗೆ ಸುಮ್ಮನೆ ವರ್ಷಗಟ್ಟಲೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ 1952ರಲ್ಲಿಯೇ, ಕೆಂಪು ಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕುಡುಗೋಲು ಕಣದ ಲಕ್ಷಣ ಗುರುತಿಸಲಾಗಿದೆ, ವಯನಾಡಿನಲ್ಲೂ ಅದಿದೆ. ನಮ್ಮ ಹಾಡಿಗಳ ಮಕ್ಕಳ ಹಿಮೋಗ್ಲೋಬಿನ್ ಕಡಿಮೆ ಬಂದಾಗ ಆ ಪರೀಕ್ಷೆಯೂ ಆಗಲೇಬೇಕು. ಫೆರಿಟಿನ್ ಕೂಡ ಜ್ವರ, ಸೋಂಕು ಇದ್ದಾಗ ಸುಳ್ಳಾಗಿ ಏರುತ್ತದೆ, ಆದ್ದರಿಂದ ಜ್ವರ ಬಿಟ್ಟ ಮೇಲೆ ನೋಡುವುದು ಸೂಕ್ತ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಪ್ರತಿಶತ ಮಂದಿಗೆ ರಕ್ತಹೀನತೆ ಇದೆ ಎಂದು ಬಂದಿತು. ಅದು ಹಿಮೋಗ್ಲೋಬಿನ್ ಅಳೆದ ಲೆಕ್ಕ. ಫೆರಿಟಿನ್ ಕೂಡ ಅಳೆದ 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ರಕ್ತಹೀನತೆ 28 ಪ್ರತಿಶತ, ಕಬ್ಬಿಣದ ಕೊರತೆ 22 ಪ್ರತಿಶತ ಎಂದಿತ್ತು. ಇವೆರಡೂ ಒಂದೇ ಗುಂಪಿನ ಮಕ್ಕಳಲ್ಲ. ರಕ್ತಹೀನತೆ ಇದ್ದೂ ಕಬ್ಬಿಣ ಸಾಕಷ್ಟಿರುವವರಿದ್ದಾರೆ, ಕಬ್ಬಿಣ ಬರಿದಾಗಿದ್ದೂ ಹಿಮೋಗ್ಲೋಬಿನ್ ಸರಿಯಿರುವವರಿದ್ದಾರೆ. ಎರಡನೆಯವರನ್ನು ನಮ್ಮ ಶಿಬಿರಗಳು ಮನೆಗೆ ಕಳುಹಿಸುತ್ತಿವೆ.

ಜಿಲ್ಲಾ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಬೆರಳು ಚುಚ್ಚುವ ಪರೀಕ್ಷೆಯನ್ನು ಬಿಡಬೇಡಿ. ಅದರ ಜೊತೆ ಸುಸ್ತು, ಹೆಚ್ಚು ಸ್ರಾವ, ಹಸಿ ಅಕ್ಕಿ ಅಥವಾ ಮಣ್ಣು ತಿನ್ನುವ ಆಸೆ ಇರುವ ಹುಡುಗಿಯರಿಗೆ, ಹಿಮೋಗ್ಲೋಬಿನ್ 12 ದಾಟಿದ್ದರೂ, ಪೂರ್ಣ ರಕ್ತ ಎಣಿಕೆ ಮಾಡಿಸಿ, ಎಂಸಿವಿ ಮತ್ತು ಆರ್‌ಡಿಡಬ್ಲ್ಯೂ ಸಾಲುಗಳನ್ನು ಓದಿಸಿ. ಸಂಶಯವಿದ್ದವರ ಫೆರಿಟಿನ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಆಗುವಂತೆ ಮಾಡಿ. ಅಲ್ಲಿ ಯಂತ್ರವಿಲ್ಲದಿದ್ದರೆ ಮಾದರಿಯನ್ನು ಮಡಿಕೇರಿಗೆ ಕಳುಹಿಸುವ ವ್ಯವಸ್ಥೆ ಮಾಡಬಹುದು. ತೋಟದ ಕೆಲಸದ ಹೆಂಗಸರಿಗೆ ಇದು ಕೊಯ್ಲಿನ ಕಾಲದಲ್ಲಿಯೇ, ಲೈನ್ ಮನೆಯ ಬಾಗಿಲಿಗೇ ಬರಬೇಕು. ಒಂದು ದಿನದ ಕೂಲಿ ಬಿಟ್ಟು ಅವರು ಆಸ್ಪತ್ರೆಗೆ ಬರಲಾರರು.

ತಂಗಿಯ ಮಗಳಿಗೆ ವೈದ್ಯರು 4 ತಿಂಗಳು ಮಾತ್ರೆ ಕೊಟ್ಟರು. ಮೊನ್ನೆ ಫೆರಿಟಿನ್ 34 ಬಂದಿದೆ, ಹಿಮೋಗ್ಲೋಬಿನ್ 13.1. ಅವಳ ಹಳೆಯ ಮತ್ತು ಹೊಸ ರಕ್ತದ ಲೇಪಗಳೆರಡನ್ನೂ ಅವಳ ಒಪ್ಪಿಗೆಯಿಂದ ಇಟ್ಟುಕೊಂಡಿದ್ದೇನೆ. ನನ್ನ ಬಳಿ ಒಂದು ಹಳೆಯ ಸೂಕ್ಷ್ಮದರ್ಶಕ ಇದೆ. ಜಿಲ್ಲೆಯ ಯಾವುದೇ ಪ್ರೌಢಶಾಲೆಯವರು ತಮ್ಮ ಪತ್ರಿಕೆಯ ಮೂಲಕ ಕರೆದರೆ ಎರಡನ್ನೂ ತಂದು ಮಕ್ಕಳಿಗೆ ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಯೋಗಾಲಯ ತಂತ್ರಜ್ಞ
ಪೊನ್ನಂಪೇಟೆ ತಾಲ್ಲೂಕು, ಕೊಡಗು